ಹಾಲು ಕಾಯಿಸಿದರೆ ಕೀಟನಾಶಕದ ಅಂಶ ಹೋಗುತ್ತದೆಯೇ?

ಪ್ರಶ್ನೆ:
ನನ್ನ ಮಗಳಿಗೆ ಈಗ ಒಂದೂವರೆ ವರ್ಷ. ಹಾಲಿನಲ್ಲಿ ಕೀಟನಾಶಕದ ಉಳಿಕೆ ಇರುತ್ತದೆ ಎಂದು ಓದಿದಂದಿನಿಂದ ಅವಳಿಗೆ ಕೊಡುವ ಹಾಲನ್ನು ಎರಡೆರಡು ಬಾರಿ ಉಕ್ಕಿಸುತ್ತಿದ್ದೇನೆ. ಇದರಿಂದ ಪ್ರಯೋಜನವಿದೆಯೇ? ಹೊಲಕ್ಕೆ ಸಿಂಪಡಿಸಿದ ಔಷಧ ಹಸುವಿನ ಕೆಚ್ಚಲಿಗೆ ಬರುವುದಾದರೂ ಹೇಗೆ? ಹಾಲನ್ನೇ ನಿಲ್ಲಿಸಿ ಕೆನೆ ತೆಗೆದ ಹಾಲಿಗೆ ಬದಲಾಯಿಸಬೇಕೇ ಎಂಬ ಅಳುಕು ಕಾಡುತ್ತಿದೆ.

ಉತ್ತರ 1:
ಕಾಯಿಸುವುದು ರೋಗಾಣುಗಳಿಗೆ ಮದ್ದೇ ಹೊರತು ಕೀಟನಾಶಕಕ್ಕಲ್ಲ. ಡಿಡಿಟಿ, ಲಿಂಡೇನ್, ಹೆಪ್ಟಾಕ್ಲೋರ್‌ನಂಥ ಆರ್ಗನೋಕ್ಲೋರಿನ್ (ಕ್ಲೋರಿನ್ ಸೇರಿದ) ಕೀಟನಾಶಕಗಳು ಕೊಬ್ಬಿನಲ್ಲಿ ಕರಗುವಂಥವು. ಮೇವು, ಹಿಂಡಿಗಳ ಮೂಲಕ ಹಸುವಿನ ಹೊಟ್ಟೆ ಸೇರಿ, ಮೈಯ ಕೊಬ್ಬಿನಲ್ಲಿ ಶೇಖರವಾಗಿ, ಹಾಲಿನ ಜಿಡ್ಡಿನೊಡನೆ ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತವೆ. ಉಣ್ಣಿಗಳನ್ನು ಕೊಲ್ಲಲು ಹಸುವಿನ ಮೈಗೆ ಹಚ್ಚುವ ಔಷಧ ಇನ್ನೊಂದು ದಾರಿ. ಶೇ. 4ರಷ್ಟು ಕೊಬ್ಬಿರುವ ಹಾಲಿನಿಂದ ಶೇ. 80ರಷ್ಟು ಕೊಬ್ಬಿರುವ ಬೆಣ್ಣೆ ತೆಗೆದಾಗ ಈ ಉಳಿಕೆಯ ಸಾಂದ್ರತೆಯೂ ಸುಮಾರು 20 ಪಟ್ಟು ಆಗಬಹುದು, ಆದರೆ ಬೆಣ್ಣೆಯನ್ನು ಹಾಲಿನಷ್ಟು ಯಾರೂ ತಿನ್ನುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

1982ರಲ್ಲಿ ಹವಾಯಿಯ ಒವಾಹು ದ್ವೀಪದಲ್ಲಿ ಹಾಲನ್ನು ಮಾರುಕಟ್ಟೆಯಿಂದ ಹಿಂತೆಗೆಯಬೇಕಾಯಿತು. ಹೆಪ್ಟಾಕ್ಲೋರ್ ಸಿಂಪಡಿಸಿದ್ದ ಅನಾನಸ್ ಗಿಡದ ಎಲೆಗಳನ್ನು ಕತ್ತರಿಸಿ ಹಸುಗಳಿಗೆ ಮೇವಾಗಿ ಹಾಕಿದ್ದೇ ಅದಕ್ಕೆ ಕಾರಣ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಅಲ್ಲಿದೆ: ಕೀಟನಾಶಕ ಸೇರಿಕೊಂಡಿದ್ದು ಡೈರಿಯಲ್ಲಲ್ಲ, ಮೇವಿನಲ್ಲಿ.

ಉತ್ತರ 2:
ಆರೋಗ್ಯದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರಲ್ಲಿ ಲಿಂಡೇನನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದೂ ಡಿಡಿಟಿಯನ್ನು ಬಹುಮಟ್ಟಿಗೆ ಕ್ಯಾನ್ಸರ್‌ಕಾರಕವಾಗಿರಬಹುದಾದದ್ದೆಂದೂ ವರ್ಗೀಕರಿಸಿತು. ಆದರೆ ಆ ವರ್ಗೀಕರಣ ವಸ್ತುವಿನ ಸ್ವಭಾವದ್ದು. ಒಂದು ಲೋಟ ಹಾಲಿನಲ್ಲಿ ಎಷ್ಟು ಅಪಾಯವಿದೆ ಎನ್ನುವುದನ್ನು ಅದರಲ್ಲಿರುವ ಪ್ರಮಾಣವೂ ಅದನ್ನು ಎಷ್ಟು ವರ್ಷ ಕುಡಿಯುತ್ತೇವೆ ಎಂಬುದೂ ನಿರ್ಧರಿಸುತ್ತವೆ. ಮೈತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಹಾಲು ಕುಡಿಯುವುದರಿಂದ ನಿಮ್ಮ ಆತಂಕ ಅಕಾರಣವಲ್ಲ. ಹಾಗಿದ್ದೂ ಹಾಲು ನಿಲ್ಲಿಸಬೇಡಿ. ಕೆನೆ ತೆಗೆದ ಹಾಲಿನಲ್ಲಿ ಉಳಿಕೆ ಕಡಿಮೆ ಎಂಬುದು ನಿಜವಾದರೂ, ಎರಡು ವರ್ಷದೊಳಗಿನ ಮಕ್ಕಳ ಬೆಳವಣಿಗೆಗೆ ಆ ಕೊಬ್ಬು ಬೇಕು. ಬದಲಾಯಿಸುವ ಮುನ್ನ ಮಕ್ಕಳ ವೈದ್ಯರನ್ನು ಕೇಳಿ.

ಉತ್ತರ 3:
ನಾನು ಹೈನುಗಾರಿಕೆ ಮಾಡುವವನು. ಸಿಂಪಡಿಸಿದ ಬೆಳೆಯನ್ನು ಲೇಬಲ್‌ನಲ್ಲಿ ಹೇಳಿದಷ್ಟು ದಿನ ಕಳೆಯುವ ಮೊದಲು ಮೇವಿಗೆ ಕೊಯ್ಯಬಾರದು, ಉಣ್ಣಿ ಔಷಧ ಹಚ್ಚಿದ ಹಸುವಿನ ಹಾಲನ್ನು ನಿಗದಿತ ಅವಧಿ ಮುಗಿಯುವವರೆಗೆ ಮಾರಬಾರದು. ತಂಗಿ, ನೀವು ಹಾಲು ಕೊಳ್ಳುವಲ್ಲಿ ಮೇವನ್ನು ಎಲ್ಲಿಂದ ತರುತ್ತೀರಿ ಎಂದು ಒಮ್ಮೆ ಕೇಳಿ ನೋಡಿ. ಲೆಕ್ಕ ಇಟ್ಟವರು ಕೂಡಲೇ ಹೇಳುತ್ತಾರೆ.