ಪದ ಬೇಕು: ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯುವ ನೀರಿಗೆ ಏನನ್ನೋದು?

ಗೆಳೆಯರೇ, ಒಂದು ಪದ ಇವತ್ತು ಸಂಜೆಯೊಳಗೆ ಬೇಕು. ಎಚ್ಚರಿಕೆಯ ಬೋರ್ಡ್ ಬರೆಯುವವರು ಕಾಯುತ್ತಿದ್ದಾರೆ.

ನಮ್ಮ ಬಡಾವಣೆಯ ಹಳೇ ಪಾರ್ಕಿನಲ್ಲಿ ಮೇಲೊಂದು ಕೊಳ, ಕೆಳಗೊಂದು ಕೊಳ. ನಡುವೆ ಏಳು ಕಲ್ಲು ಮೆಟ್ಟಿಲು. ಮೇಲಿನ ಕಾರಂಜಿ ಬಿಟ್ಟರೆ ನೀರು ಆ ಮೆಟ್ಟಿಲ ಮೇಲೆ ತೆಳ್ಳಗೆ ಇಳಿಯುತ್ತದೆ. ಬೃಂದಾವನದಲ್ಲಿ ಇದೆಯಲ್ಲ, ಅದರ ಪುಟ್ಟ ರೂಪ. ಮೂರು ದಿನದ ಮಳೆಗೆ ಈಗ ಮೇಲಿನ ಕೊಳ ತುಂಬಿ, ಕೆಂಪು ನೀರು ಮೆಟ್ಟಿಲೇ ಕಾಣದ ಹಾಗೆ ನುಗ್ಗುತ್ತಿದೆ. ಅಡಿಯಲ್ಲಿ ಪಾಚಿ. ನಿನ್ನೆ ಫೋಟೋಗೆ ನಿಂತ ಹುಡುಗ ಜಾರಿ ಕೆಳಗಿನ ಕೊಳಕ್ಕೇ ಬಿದ್ದ. ಪುಣ್ಯಕ್ಕೆ ಮೊಣಕೈ ತರಚಿದ್ದಷ್ಟೇ.

ಇಂಗ್ಲಿಷ್ ಕರಡಿನಲ್ಲಿ 'ಕ್ಯಾಸ್ಕೇಡ್' ಅಂತಿದೆ. 'ಜಲಪಾತ' ಅಂದರೆ ಜನಕ್ಕೆ ಜೋಗದ 830 ಅಡಿ ನೆನಪಾಗುತ್ತದೆ. ಇಲ್ಲಿರುವುದು ಆಳೆತ್ತರ.

ಮರು: ಬೆಂಗಳೂರಿನಿಂದ
'ನೀರಿಳಿ' ಅನ್ನಿ. ಮುಗಿಯಿತು. ಜೊತೆಗೆ 'ಕಾರಂಜಿ'ಯನ್ನೂ ತೆಗೆಯಿರಿ, ಅದು ಮರಾಠಿಯವರ 'ಕಾರಂಜೆ'. ನಮಗೆ 'ಚಿಲುಮೆ' ಇಲ್ಲವಾ? ಮನೆಯಲ್ಲಿ ಇರುವುದನ್ನ ಮೂಲೆಗೆ ಹಾಕಿ ಸಾಲ ತರುವ ಚಾಳಿ ಜಾಸ್ತಿಯಾಯಿತು.

ಮರು: ಮೈಸೂರಿನಿಂದ
ಒಪ್ಪುವುದಿಲ್ಲ. ಮರಾಠಿಯಲ್ಲೂ ಇದೆ ಅಂದಮಾತ್ರಕ್ಕೆ ಅಲ್ಲಿಂದಲೇ ಬಂತು ಅಂತಾಗುವುದಿಲ್ಲ. ಚಿಲುಮೆ ತಾನಾಗಿ ಉಕ್ಕುವುದು. ತುಮಕೂರಿನ ಹತ್ತಿರದ ನಾಮದ ಚಿಲುಮೆ ನೋಡಿ, ಬಂಡೆಯೊಳಗಿಂದ ಬರುತ್ತದೆ. ಕಾರಂಜಿ ಮನುಷ್ಯ ಚಿಮ್ಮಿಸುವುದು. ನಮ್ಮ ಕಾರಂಜಿ ಕೆರೆಯನ್ನೂ ಚಿಲುಮೆ ಕೆರೆ ಮಾಡುತ್ತೀರಾ?

ಕೇಳಿದ ಪದಕ್ಕೆ ಬರುತ್ತೇನೆ. ಬೃಂದಾವನ ಮಾಡಿಸಿದ್ದು ದಿವಾನ್ ಮಿರ್ಜಾ ಇಸ್ಮಾಯಿಲ್, ಮಾದರಿ ಕಾಶ್ಮೀರದ ಶಾಲಿಮಾರ್. ಮೊಗಲರ ತೋಟಗಳಲ್ಲಿ ಇಳಿಜಾರು ಕಲ್ಲಿನ ಮೇಲೆ ಹಾಸಿದ ಹಾಗೆ ಬರುವ ನೀರಿಗೆ 'ಚಾದರ್' ಅಂತಲೇ ಹೆಸರು. ಆ ಕಲ್ಲಿಗೆ ಮೀನಿನ ಹುರುಪೆಯ ಹಾಗೆ ಕೆತ್ತುತ್ತಿದ್ದರು. ನೀರು ತಡೆದು ತಡೆದು ಬೆಳ್ಳಗೆ ನೊರೆಯಾಗಲಿ ಅಂತ. ಚಾದರ ನಾವು ದಿನಾ ಹೊದೆಯುವ ಪದ. 'ನೀರಿನ ಚಾದರ' ಬರೆಯಿರಿ.

ಮರು: ಬೆಂಗಳೂರಿನಿಂದ
ಬೇಡ. ಓದಿದವರಿಗೆ ಹೊದಿಕೆ ಅಂತಲೇ ಆಗುತ್ತದೆ. ಇನ್ನೊಂದು ಸಾಲ, ಅಷ್ಟೇ.

ಮರು: ತೀರ್ಥಹಳ್ಳಿ ಕಡೆಯಿಂದ
ಇಬ್ಬರೂ ಸುಮ್ನೆ ಸುತ್ತುತ್ತಿದ್ದೀರಿ. ಪದ 'ಅಬ್ಬಿ'. ಗುಡ್ಡದ ನೀರಿಗೆ ಅಡಿಕೆ ದಂಬೆ (ಸೀಳಿ ಟೊಳ್ಳು ಮಾಡಿದ ಅಡಿಕೆ ಮರ) ಕೊಟ್ಟು ಬಚ್ಚಲಿಗೆ ತಂದರೆ ನಮ್ಮಲ್ಲಿ ಅದು ಅಬ್ಬಿ ನೀರು. ನನ್ನ ಅಜ್ಜಿ ಬೆಳಗಾದರೆ ಹಂಡೆಯನ್ನ ಅದರ ಕೆಳಗೆ ಇಡುತ್ತಿದ್ದರು. ಸೊಂಟದೆತ್ತರದಿಂದ ಬಿದ್ದರೂ ಅಬ್ಬಿ, ಮನುಷ್ಯ ತಿರುಗಿಸಿ ತಂದರೂ ಅಬ್ಬಿ. ಪಾರ್ಕಿನದಕ್ಕೆ ಇದಕ್ಕಿಂತ ಹತ್ತಿರದ ಪದ ಬೇಕಾ? 'ಮೆಟ್ಟಿಲಬ್ಬಿ' ಮಾಡಿಕೊಳ್ಳಿ. ಮಡಿಕೇರಿಯದನ್ನ 'ಅಬ್ಬಿ ಜಲಪಾತ' ಅಂತ ಬರೆದು ಒಂದೇ ಅರ್ಥವನ್ನ ಎರಡು ಸಲ ಹೇಳುತ್ತಾರೆ. ನೋಡಿದಾಗಲೆಲ್ಲ ಬೇಜಾರು ನನಗೆ.

ಆದರೆ ಮಳೆಗೆ ತುಂಬಿ ಹೊರಬೀಳುವುದು ಅಬ್ಬಿಯಲ್ಲ. ಅದು 'ಕೋಡಿ'. ಕೆರೆ ಕೋಡಿ ಬಿತ್ತು ಅಂತೀವಿ ಅಲ್ವಾ? ಕಣ್ಣೀರೂ ಕೋಡಿ ಹರಿಯುತ್ತದೆ. ಹಿಡಿತದಲ್ಲಿರುವ ನೀರಿಗೆ ಒಂದು ಪದ, ಹಿಡಿತ ಮೀರಿದ್ದಕ್ಕೆ ಇನ್ನೊಂದು. ಎಚ್ಚರಿಕೆಯ ಬೋರ್ಡಿಗೆ ಬೇಕಾದ್ದು ಎರಡನೆಯದು.

ಮರು: ಬೆಂಗಳೂರಿನಿಂದ
ಕೋಡಿ ಕೆರೆಗೆ ಮಾತ್ರ. ಕೋಡಿ ಅಂದರೆ ತುದಿ. ಕುಂದಾಪುರದ ಕೋಡಿ ನೋಡಿ, ನೆಲದ ತುದಿ ಅದು. ಕೊಳಕ್ಕೆ ಏರಿಯೇ ಇಲ್ಲ, ಕೋಡಿ ಎಲ್ಲಿಂದ ಬಂತು? 'ಅಬ್ಬಿ' ಮಾತ್ರ ಒಪ್ಪುತ್ತೇನೆ.

ಮರು: ಕೇಳಿದವಳು
ಎಲ್ಲರಿಗೂ ಧನ್ಯವಾದ. ಬೋರ್ಡಿಗೆ ಹೋಗಿದ್ದು ಇದು: 'ಕೊಳ ಕೋಡಿ ಬಿದ್ದಿದೆ. ಮೆಟ್ಟಿಲ ಮೇಲೆ ಕಾಲಿಡಬೇಡಿ, ಜಾರುತ್ತದೆ.' ಬೆಂಗಳೂರಿನ ಸರ್ ಕ್ಷಮಿಸಬೇಕು. ಪಾರ್ಕಿನ ಮಾಲಿ ತಾತನಿಗೆ ಓದಿ ಹೇಳಿದೆ, ಅವರಿಗೆ ಒಂದೇ ಸಲಕ್ಕೆ ತಿಳಿಯಿತು. ಬಣ್ಣ ಇನ್ನೂ ಹಸಿ ಇತ್ತು, ಆಗಲೇ ತಂದು ಕಟ್ಟೆಗೆ ಒರಗಿಸಿದರು.

ಮಳೆ ನಿಂತ ಮೇಲೆ ಹೆಸರಿನ ಫಲಕ ಬರೆಸಬೇಕು. ಅದಕ್ಕೆ 'ಮೆಟ್ಟಿಲಬ್ಬಿ' ಅಂದುಕೊಂಡಿದ್ದೇನೆ. ಕಾರಂಜಿ ಕಾರಂಜಿಯಾಗೇ ಇರುತ್ತದೆ. ಮಂಡ್ಯ, ಹಾಸನ, ಕೋಲಾರದ ಕಡೆಯವರು ಒಂದು ಮಾತು ಹೇಳಿ: ನಿಮ್ಮಲ್ಲಿ 'ಅಬ್ಬಿ' ಅಂದರೆ ಯಾರಿಗಾದರೂ ಗೊತ್ತಾಗುತ್ತದಾ?