ಬೇಸಿಗೆ ರಜೆಗೆ ಮಕ್ಕಳನ್ನು ಸರ್ಕಾರಿ ಲೈಬ್ರರಿಗೆ ಕರೆದುಕೊಂಡು ಹೋಗಿದ್ದೀರಾ? ಅನುಭವ ಹೇಳಿ

ಬೆಂಗಳೂರಿನ ವಿಜಯನಗರದಿಂದ ಪ್ರಶ್ನೆ:

ಏಪ್ರಿಲ್‌ನಲ್ಲಿ ಶಾಲೆ ಮುಗಿಯುತ್ತದೆ. ಮಗಳಿಗೆ 8 ವರ್ಷ, ಮಗನಿಗೆ 5. ಬೇಸಿಗೆ ಶಿಬಿರಗಳ ಫೀಸು ನಮಗೆ ಜಾಸ್ತಿಯಾಯಿತು. ಸರ್ಕಾರಿ ಲೈಬ್ರರಿಗಳಲ್ಲಿ ಮಕ್ಕಳಿಗೆ ಕಥೆ, ಚಿತ್ರ ಬಿಡಿಸುವುದು, ಅಂಥದ್ದೇನಾದರೂ ನಡೆಯುತ್ತದಾ? ಮೊಬೈಲಿನಲ್ಲಿ ಹುಡುಕಿದರೆ ಏನೂ ಸಿಗುತ್ತಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಜಯನಗರದಿಂದ ಉತ್ತರ:

ಅಕ್ಕ, ಮೊಬೈಲಿನಲ್ಲಿ ಸಿಗುವುದಿಲ್ಲ. ಲೈಬ್ರರಿಗೇ ಹೋಗಿ ಕೇಳಬೇಕು. ಸೋಮವಾರ ರಜೆ ಇರುತ್ತದೆ, ಅದೊಂದು ದಿನ ಬಿಟ್ಟು ಹೋಗಿ.

ನಾನು ಮೊದಲ ಸಲ ಮಗನನ್ನು ಕರೆದುಕೊಂಡು ಹೋದಾಗ ತುಂಬಾ ಬೇಜಾರಾಗಿತ್ತು. ಒಳಗೆಲ್ಲ ಪರೀಕ್ಷೆಗೆ ಓದುವ ಹುಡುಗರು. ಇವನು ಒಂದು ಪುಟ ಜೋರಾಗಿ ಓದಿದ, ಹತ್ತು ತಲೆ ಒಟ್ಟಿಗೆ ತಿರುಗಿದವು. ಅವನು ನನ್ನ ಸೆರಗು ಹಿಡಿದು 'ಮನೆಗೆ ಹೋಗೋಣ' ಅಂದ. ಹೊರಡುವ ಮುಂಚೆ, ಕೇಳಿಯೇ ಬಿಡೋಣ ಅಂತ ಗ್ರಂಥಪಾಲಕರ ಹತ್ತಿರ ಹೋದೆ. 'ಮಕ್ಕಳ ಪುಸ್ತಕ ಇಲ್ವಾ ಸಾರ್?' ಅಂದೆ. ಅವರು ಎದ್ದು ಹಿಂದಿನ ಕೋಣೆಯ ಬೀರುವಿನ ಬೀಗ ತೆಗೆದರು. ಎರಡು ಸಾಲು ತುಂಬಾ ಮಕ್ಕಳ ಪುಸ್ತಕ! ಯಾರೂ ಕೇಳುವುದಿಲ್ಲ, ಅದಕ್ಕೇ ಬೀಗ ಅಂದರು. 'ನವೆಂಬರ್‌ನಲ್ಲಿ ಬನ್ನಿ, ಮಕ್ಕಳಿಗೆ ಸ್ಪರ್ಧೆ ಇಡುತ್ತೇವೆ' ಅಂತಲೂ ಹೇಳಿದರು.

ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಮಕ್ಕಳ ದಿನಾಚರಣೆಯಂದೇ ಶುರು. ನಾವು ಹೋದ ವರ್ಷ ಪುಸ್ತಕ ಪ್ರದರ್ಶನ ಇತ್ತು, ಚಿತ್ರ ಬಿಡಿಸುವ ಸ್ಪರ್ಧೆ ಇತ್ತು. ಮಗನಿಗೆ ಬಹುಮಾನ ಬರಲಿಲ್ಲ. ಆದರೆ ಅವತ್ತೇ ಅವನ ಹೆಸರಿನಲ್ಲಿ ಸದಸ್ಯತ್ವ ಮಾಡಿಸಿದೆ. ಕಾರ್ಡು ಕೈಗೆ ಬಂದ ಮೇಲೆ ಅವನ ನಡಿಗೆಯೇ ಬದಲಾಯಿತು ಅನ್ನಿ.

ಏಪ್ರಿಲ್ 23 ವಿಶ್ವ ಪುಸ್ತಕ ದಿನ. ಅದು ನಿಮ್ಮ ರಜೆಯಲ್ಲೇ ಬರುತ್ತದೆ. ಒಂದು ವಾರ ಮುಂಚೆ ಹೋಗಿ, ಏನಾದರೂ ಇಟ್ಟಿದ್ದೀರಾ ಅಂತ ಕೇಳಿ.

ಇನ್ನೊಂದು ದಿನ ಕಬ್ಬನ್ ಪಾರ್ಕಿಗೆ ಹೋಗಿ. ಅಲ್ಲಿ ಮಕ್ಕಳಿಗಾಗಿಯೇ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯ ಇದೆ. ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವನ್ನೂ ತೋರಿಸಿ. 1915ರ ಕಟ್ಟಡ ಅದು, ಈಗ ರಾಜ್ಯ ಕೇಂದ್ರ ಗ್ರಂಥಾಲಯ. ಮಕ್ಕಳು ಅದನ್ನು ಅರಮನೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಬಿಡಿ.

ಬಸವನಗುಡಿಯಿಂದ ಉತ್ತರ:

ಸರ್ಕಾರದ್ದಲ್ಲ, ಆದರೂ ಹೇಳುತ್ತೇನೆ. ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನಲ್ಲಿ ಮಕ್ಕಳ ಗ್ರಂಥಾಲಯ ಇದೆ. 1945ರಿಂದ ನಡೆದುಕೊಂಡು ಬಂದ ಸಂಸ್ಥೆ. ಸಂಜೆ ಉಪನ್ಯಾಸ, ಸಂಗೀತ ಇರುತ್ತವೆ. ನನ್ನ ಮೊಮ್ಮಗಳು ಪುಸ್ತಕ ನೋಡುತ್ತಾ ಕೂರುತ್ತಾಳೆ, ನಾನು ಉಪನ್ಯಾಸ ಕೇಳುತ್ತೇನೆ. ಅದೇ ವರ್ಷ ಡಿ.ವಿ.ಜಿ. ಅವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯೂ ನಮ್ಮ ಕಡೆಯೇ. ಅಲ್ಲಿಯ ಗ್ರಂಥಾಲಯ ದೊಡ್ಡವರಿಗೆ. ಕಡಲೆಕಾಯಿ ಪರಿಷೆ ಹೊತ್ತಿನಲ್ಲಿ ಮಾತ್ರ ಈ ಕಡೆ ಕಾರು ತರಬೇಡಿ.

ನಿವೃತ್ತ ಗ್ರಂಥಪಾಲಕಿಯ ಉತ್ತರ:

ಈ ಪ್ರಶ್ನೆ ನೋಡಿ ಬರೆಯದೆ ಇರಲಾಗಲಿಲ್ಲಮ್ಮ. ಶಾಖಾ ಗ್ರಂಥಾಲಯದಲ್ಲಿ ಕೆಲಸ ಮಾಡಿದವಳು ನಾನು. ಅಲ್ಲಿ ಬಾಗಿಲು ತೆಗೆಯುವುದು, ಪತ್ರಿಕೆ ಜೋಡಿಸುವುದು, ಪುಸ್ತಕ ಕೊಟ್ಟು ತೆಗೆದುಕೊಳ್ಳುವುದು, ಎಲ್ಲಾ ಒಬ್ಬರೋ ಇಬ್ಬರೋ ಮಾಡಬೇಕು. ಮಕ್ಕಳಿಗೆ ಕಥೆ ಹೇಳಬೇಕು ಅಂತ ಆಸೆ ಇರುತ್ತದೆ, ಕೈ ಸಾಲುವುದಿಲ್ಲ. 'ವಾರಕ್ಕೊಂದು ದಿನ ನಾನು ಬಂದು ಕಥೆ ಓದುತ್ತೇನೆ' ಅಂತ ಒಬ್ಬ ತಾಯಿ ಕೇಳಿದರೆ ನಮಗೆ ಹಬ್ಬ. ನನ್ನ ಹತ್ತಿರ ಹಾಗೆ ಕೇಳಿದವರು ಮೂರೇ ಜನ. ಮೂವರಿಗೂ ಹೂಂ ಅಂದೆ. ಅವರಲ್ಲಿ ಒಬ್ಬರು ಎರಡು ಬೇಸಿಗೆ ನಡೆಸಿದರು.

ಅದಕ್ಕೇ ಹೇಳುತ್ತೇನೆ, 'ಏನು ನಡೆಯುತ್ತದೆ' ಅಂತ ಮಾತ್ರ ಕೇಳಬೇಡಿ. 'ನಾನು ಏನು ಮಾಡಿಕೊಡಲಿ' ಅಂತಲೂ ಕೇಳಿ. ಮೇಲಿನವರ ಒಪ್ಪಿಗೆಗೆ ಒಂದು ಪತ್ರ ಕೇಳಬಹುದು, ಬರೆದುಕೊಡಿ.

ಕಥೆ ಅರ್ಧ ಗಂಟೆ ಸಾಕು. ಐದು ವರ್ಷದ ಮಗು ಅದಕ್ಕಿಂತ ಹೆಚ್ಚು ಹೊತ್ತು ಕೂರುವುದಿಲ್ಲ. ಆಮೇಲೆ ಕೇಳಿದ ಕಥೆಯ ಚಿತ್ರ ಬಿಡಿಸಲಿ. ಓದುವ ಕೋಣೆಯಲ್ಲಿ ಬೇಡ, ವರಾಂಡ ಕೇಳಿ. ಪರೀಕ್ಷೆಗೆ ಓದುವ ಮಕ್ಕಳದ್ದೂ ಪಾಪ, ಬದುಕಿನ ಪ್ರಶ್ನೆ. ಪುಸ್ತಕ ಸಾಲದಿದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಚಿತ್ರವಿರುವ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ.

ಕೇಳುವುದಕ್ಕೆ ಸಂಕೋಚ ಬೇಡ. ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ, ಅದರಲ್ಲಿ ಗ್ರಂಥಾಲಯ ಕರವೂ ಸೇರಿದೆ. 1965ರ ಕಾಯ್ದೆಯಿಂದ ಬಂದದ್ದು. ಲೈಬ್ರರಿ ನಿಮ್ಮದೇ ದುಡ್ಡಿನದು.

ಆಗಸ್ಟ್ 12 ಕೂಡ ಗುರುತು ಹಾಕಿಕೊಳ್ಳಿ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರು ಹುಟ್ಟಿದ ದಿನ, ನಮಗೆಲ್ಲ ಗ್ರಂಥಪಾಲಕರ ದಿನ. ಅವರು ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ, 1972ರಲ್ಲಿ ತೀರಿಕೊಂಡದ್ದೂ ಇಲ್ಲೇ. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಅನ್ನುವುದು ಅವರು ಹಾಕಿಕೊಟ್ಟ ಐದು ಸೂತ್ರಗಳಲ್ಲಿ ಒಂದು. ಮೇಲೆ ಒಬ್ಬರು ಬೀಗ ಹಾಕಿದ ಬೀರು ಅಂದರಲ್ಲ, ಅದನ್ನು ಓದಿ ಹೊಟ್ಟೆ ಚುರುಕ್ ಅಂತು. ಆ ದಿನ ಮಕ್ಕಳ ಕೈಯಲ್ಲಿ ಗ್ರಂಥಪಾಲಕರಿಗೆ ಒಂದು ಹೂವು ಕೊಡಿಸಿ.

ಆನೇಕಲ್ ಕಡೆಯಿಂದ ಉತ್ತರ:

ಊರಾಚೆ ಇರುವವರಿಗೆ ಒಂದು ಮಾತು. ನಮ್ಮಲ್ಲಿ ಲೈಬ್ರರಿ ಗ್ರಾಮ ಪಂಚಾಯಿತಿಗೆ ಸೇರಿದ್ದು, ಅರಿವು ಕೇಂದ್ರ ಅನ್ನುತ್ತಾರೆ. ರಜೆಯ ಶಿಬಿರ ಇದೆಯಾ ಅಂತ ಅಲ್ಲೇ ವಿಚಾರಿಸಿ. ನಮ್ಮ ಹುಡುಗ ಅಲ್ಲೇ ಚೆಸ್ ಕಲಿತ.

ವಿಜಯನಗರದಿಂದ ಮತ್ತೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಡಂ ಹೇಳಿದ ಹಾಗೆ ಪತ್ರ ಬರೆದುಕೊಂಡೇ ಇವತ್ತು ಹತ್ತಿರದ ಲೈಬ್ರರಿಗೆ ಹೋಗಿದ್ದೆ. ಗ್ರಂಥಪಾಲಕರು ಓದಿ, 'ಎಷ್ಟು ಮಕ್ಕಳು ಬರಬಹುದು?' ಅಂತ ಕೇಳಿದರು. ನನ್ನವು ಎರಡು ಅಂದೆ. ನಕ್ಕು, ಎರಡರಿಂದಲೇ ಶುರು ಮಾಡಿ ಅಂದರು. ರಜೆಯ ಮೊದಲ ಶನಿವಾರ ಬೆಳಿಗ್ಗೆ ಹತ್ತೂವರೆಗೆ, ಹಿಂದಿನ ವರಾಂಡದಲ್ಲಿ. ಜಮಖಾನ ನಾನು ತರುತ್ತೇನೆ, ಬಣ್ಣದ ಪೆನ್ಸಿಲ್ ನೀವೇ ತನ್ನಿ. ಮನೆಯಲ್ಲಿ ಕಥೆ ಹೇಳುವ ಅಜ್ಜಿ ಇದ್ದರೆ ಅವರನ್ನೂ ಕರೆದುಕೊಂಡು ಬನ್ನಿ.