ಟಾಟನ್‌ಹ್ಯಾಮ್ ಸ್ಟೇಡಿಯಂ: ಹಳೇದರ ಪಕ್ಕದಲ್ಲೇ ಹೊಸದು ಕಟ್ಟಿದ್ದು ಹೇಗೆ? ಪಿಚ್ ಸರಿಯೋದು ಹೇಗೆ?

ಆಫ್‌ಸೈಡ್_ಅಣ್ಣ:
ಟಾಟನ್‌ಹ್ಯಾಮ್ ಫುಟ್‌ಬಾಲ್ ಕ್ಲಬ್‌ನ ಹಳೇ ಸ್ಟೇಡಿಯಂ, ಉತ್ತರ ಲಂಡನ್ನಿನ ವೈಟ್ ಹಾರ್ಟ್ ಲೇನ್, ಸುಮಾರು 36,000 ಸೀಟಿನದಾಗಿತ್ತು. ಈಗ ಅಲ್ಲೇ 62,850 ಸೀಟಿನದು ಎದ್ದಿದೆ. ಹಳೇದರಲ್ಲಿ ಆಟ ನಡೀತಿರುವಾಗಲೇ ಹೊಸದನ್ನು ಎಲ್ಲಿ ಕಟ್ಟಿದರು? ಹುಲ್ಲಿನ ಪಿಚ್ ಸರಿದು ಒಳಗೆ ಹೋಗುತ್ತಂತಲ್ಲ, ಅದು ಹೇಗೆ? ಇನ್ನೊಂದು: ಅಲ್ಲಿ ಜನ ಗೋಲ್ ಬಲೆಗೆ ಅಂಟಿಕೊಂಡೇ ಕೂತಂತೆ ಕಾಣುತ್ತೆ. ನಮ್ಮ ಕಂಠೀರವದಲ್ಲಿ ಗೋಲ್ ಹಿಂದೆ ಕೂತರೆ ಆಚೆ ತುದಿಯಲ್ಲಿ ಏನಾಗ್ತಿದೆ ಅಂತಲೇ ತಿಳಿಯಲ್ಲ. ಬರೀ ಟ್ರ್ಯಾಕ್‌ನಿಂದ ಇಷ್ಟು ವ್ಯತ್ಯಾಸ ಬರುತ್ತಾ?

ಕಬ್ಬಿಣ_ಕಾಂಕ್ರೀಟ್:
ಮೊದಲನೆಯದಕ್ಕೆ ಉತ್ತರ: ಹೊಸದು ಹಳೇದರ ಮೇಲೆ ಪೂರ್ತಿ ಕೂತಿಲ್ಲ, ಉತ್ತರಕ್ಕೆ ಜರುಗಿದೆ. ಹಾಗಾಗಿ ಉತ್ತರದ ಭಾಗವನ್ನು ಮೊದಲು ಎಬ್ಬಿಸಿದರು. 2016ರ ಬೇಸಿಗೆಯಲ್ಲಿ ಹಳೇದರ ಈಶಾನ್ಯ ಮೂಲೆಯನ್ನಷ್ಟೇ ಕತ್ತರಿಸಿ, ಕೆಲವು ಸಾವಿರ ಸೀಟು ಕಳೆದುಕೊಂಡು 2016-17ರ ಋತು ಮುಗಿಸಿದರು. 2017ರ ಮೇ 14ಕ್ಕೆ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಕೊನೆಯ ಪಂದ್ಯ. ಆಮೇಲೆ ಉಳಿದದ್ದನ್ನು ಕೆಡವಿ ದಕ್ಷಿಣದ ಭಾಗ ಕಟ್ಟಿದರು. ಅಲ್ಲಿವರೆಗೆ ತಂಡ ಲಂಡನ್ನಿನದೇ ಇನ್ನೊಂದು ಸ್ಟೇಡಿಯಂ ವೆಂಬ್ಲಿಗೆ ಹೋಯಿತು.

ಜಾಗದ ತಲೆನೋವು ಹಳೇದು. 1899ರಲ್ಲಿ ಕ್ಲಬ್ ಬಂದಾಗ ಅದು ಬಿಯರ್ ಕಂಪನಿಯೊಂದರ ಒಡೆತನದ ನರ್ಸರಿ. 1909ರಲ್ಲಿ ಪಶ್ಚಿಮದ್ದು, 1934ರಲ್ಲಿ ಪೂರ್ವದ್ದು, ಹೀಗೆ ಸ್ಟೇಡಿಯಂ ವಾಸ್ತುಶಿಲ್ಪಿ ಆರ್ಚಿಬಾಲ್ಡ್ ಲೀಚ್ ವಿನ್ಯಾಸದ ಸ್ಟ್ಯಾಂಡ್‌ಗಳು ಎದ್ದವು, ಸುತ್ತ ಮನೆ, ಅಂಗಡಿ, ವರ್ಕ್‌ಶಾಪ್ ಬೆಳೆದವು. 1938ರಲ್ಲಿ ಸಂಡರ್‌ಲ್ಯಾಂಡ್ ವಿರುದ್ಧ 75,038 ಜನ ಸೇರಿದ್ದರು. 1989ರ ಹಿಲ್ಸ್‌ಬರೋ ಸ್ಟೇಡಿಯಂ ಕಾಲ್ತುಳಿತ ದುರಂತದ ನಂತರ ನಿಂತು ನೋಡೋದು ಹೋಗಿ ಎಲ್ಲರಿಗೂ ಸೀಟು ಕಡ್ಡಾಯವಾಯಿತು. ಆಮೇಲೆ ಆ 75,038ರ ಅರ್ಧದಷ್ಟು ಜನರೂ ಅಲ್ಲಿ ಹಿಡಿಸಲಿಲ್ಲ. ದೊಡ್ಡದು ಮಾಡಲು ಅಕ್ಕಪಕ್ಕದ ಜಾಗ ಬೇಕಿತ್ತು. ಕೊನೆಗೆ ಒಂದೇ ಒಂದು ಶೀಟ್ ಮೆಟಲ್ ವರ್ಕ್‌ಶಾಪ್ ಉಳಿದು, ಕಡ್ಡಾಯ ಭೂಸ್ವಾಧೀನದ ವ್ಯಾಜ್ಯ ಹೈಕೋರ್ಟ್‌ವರೆಗೂ ಹೋಗಿ 2015ರಲ್ಲಿ ಮುಗಿಯಿತು. ಕಟ್ಟೋದಕ್ಕಿಂತ ಜಾಗ ಬಿಡಿಸೋದಕ್ಕೇ ಹೆಚ್ಚು ವರ್ಷ ಹಿಡಿದಿದೆ ನೋಡಿ.

ಕೊನೇ ಹಂತದಲ್ಲಿ ಕೈಕೊಟ್ಟದ್ದು ಉಕ್ಕೂ ಅಲ್ಲ, ಕಾಂಕ್ರೀಟೂ ಅಲ್ಲ. 2018ರ ಸೆಪ್ಟೆಂಬರ್‌ಗೆ ತೆರೆಯಬೇಕಿದ್ದದ್ದು ಸುರಕ್ಷತಾ ವ್ಯವಸ್ಥೆಗಳ ದೋಷದಿಂದ 2019ರ ಏಪ್ರಿಲ್ 3ಕ್ಕೆ ಹೋಯಿತು. ಪೂರ್ತಿ ಜನರನ್ನು ಬಿಡುವ ಮೊದಲು ಸುರಕ್ಷತಾ ಪ್ರಮಾಣಪತ್ರಕ್ಕಾಗಿ ಎರಡು ಪರೀಕ್ಷಾ ಪಂದ್ಯ ಆಡಿಸಲೇಬೇಕಿತ್ತು: ಮಾರ್ಚ್ 24ಕ್ಕೆ 18ರೊಳಗಿನವರದ್ದು, ಮಾರ್ಚ್ 30ಕ್ಕೆ ಹಳೇ ಆಟಗಾರರದ್ದು.

ಗರಿಕೆ:
ಪಿಚ್ ಬಗ್ಗೆ. ಹುಲ್ಲು ಉಕ್ಕಿನ ಮೂರು ತಟ್ಟೆಗಳಲ್ಲಿದೆ, ತಲಾ 3,000 ಟನ್‌ಗೂ ಹೆಚ್ಚು. ಒಂದೇ ತುಂಡಾಗಿ ಯಾಕಿಲ್ಲ? ದಕ್ಷಿಣ ಸ್ಟ್ಯಾಂಡನ್ನು ಹೊತ್ತ ದಪ್ಪ ಕಂಬಗಳು ದಾರಿಯಲ್ಲಿವೆ. ಅದಕ್ಕೇ ಪಿಚ್ ಉದ್ದುದ್ದಕ್ಕೆ ಸೀಳಿಕೊಂಡು, ಕಂಬಗಳ ನಡುವೆ ನುಸುಳಿ ಸ್ಟ್ಯಾಂಡಿನ ಕೆಳಗೆ ಹೋಗುತ್ತದೆ. 25 ನಿಮಿಷದ ಕೆಲಸ. 1.6 ಮೀಟರ್ ಕೆಳಗೆ ಕೃತಕ ಹುಲ್ಲು. ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಪಂದ್ಯ ನಡೆಯೋದು ಅದರ ಮೇಲೆ. ಕತ್ತಲಲ್ಲಿ ಹುಲ್ಲು ಹಳದಿಯಾಗದಿರಲಿ ಅಂತ ಕೆಳಗೇ ದೀಪ ಹಾಕಿದ್ದಾರೆ.

ಇದು ಶೋಕಿ ಅನ್ನೋರು 2018ರ ಅಕ್ಟೋಬರ್ ನೆನಪಿಸಿಕೊಳ್ಳಲಿ. 28ರಂದು ವೆಂಬ್ಲಿಯಲ್ಲಿ ಎನ್‌ಎಫ್‌ಎಲ್, ಮರುದಿನ ಅದೇ ಹುಲ್ಲಿನ ಮೇಲೆ ಟಾಟನ್‌ಹ್ಯಾಮ್–ಮ್ಯಾಂಚೆಸ್ಟರ್ ಸಿಟಿ. ನಡುಭಾಗ ಕಿತ್ತುಹೋಗಿತ್ತು, ಅಮೆರಿಕನ್ ಫುಟ್‌ಬಾಲಿನ ಗುರುತು ಅಳಿಸಿದರೂ ಟಿ.ವಿ.ಯಲ್ಲಿ ಕಾಣುತ್ತಿತ್ತು.

ಗ್ಯಾಲರಿ_ಗಣಿತ:
ಟ್ರ್ಯಾಕ್‌ನಿಂದಲೇ ಬರುತ್ತೆ, ಲೆಕ್ಕ ಹಾಕಿ. 8 ಲೇನಿನ ಪ್ರಮಾಣಿತ 400 ಮೀಟರ್ ಟ್ರ್ಯಾಕಿನ ಹೊರ ಅಳತೆ ಸುಮಾರು 177 × 92.5 ಮೀಟರ್. ಒಳಗೆ 105 × 68ರ ಪಿಚ್ ಇಟ್ಟರೆ ಉದ್ದಬದಿಯಲ್ಲಿ 12 ಮೀಟರ್ ಅಂತರ, ಗೋಲ್ ಹಿಂದೆ 36. ಟಾಟನ್‌ಹ್ಯಾಮ್‌ನ ದಕ್ಷಿಣ ಸ್ಟ್ಯಾಂಡಿನ ಮೊದಲ ಸಾಲು ಗೋಲ್ ಗೆರೆಯಿಂದ ಸುಮಾರು 5 ಮೀಟರ್.

ಆದರೆ ಹತ್ತಿರ ತಂದರೆ ಸಾಲದು. ನಿಮ್ಮ ಕಣ್ಣಿಂದ ಪಿಚ್ ಅಂಚಿನ ಗೆರೆಗೆ ಎಳೆದ ದೃಷ್ಟಿರೇಖೆ ಮುಂದಿನವರ ಕಣ್ಣಿನ ಮಟ್ಟಕ್ಕಿಂತ ಎಷ್ಟು ಮೇಲೆ ಹಾಯುತ್ತದೋ ಅದೇ ಸಿ-ವ್ಯಾಲ್ಯೂ, 90 ಮಿ.ಮೀ. ಇದ್ದರೆ ಒಳ್ಳೇದು, 60ರಲ್ಲಿ ಕತ್ತು ಚಾಚಬೇಕು. ಪಿಚ್ ಹತ್ತಿರವಾದಷ್ಟೂ ಅದೇ ಸಿ-ವ್ಯಾಲ್ಯೂಗೆ ಮೆಟ್ಟಿಲು ಎತ್ತರವಾಗಬೇಕು, ಇಳಿಜಾರು ಕಡಿದಾಗುತ್ತೆ. ಬ್ರಿಟನ್ನಿನ ಸುರಕ್ಷತಾ ಮಾರ್ಗಸೂಚಿ 34 ಡಿಗ್ರಿ ದಾಟಬೇಡಿ ಅನ್ನುತ್ತೆ. 17,500 ಸೀಟಿನ ಆ ದಕ್ಷಿಣ ಸ್ಟ್ಯಾಂಡ್ ಹೆಚ್ಚುಕಡಿಮೆ ಅಲ್ಲಿಗೇ ಮುಟ್ಟಿದೆ.

ಆಫ್‌ಸೈಡ್_ಅಣ್ಣ:
ಟ್ರ್ಯಾಕ್ ಇಟ್ಟುಕೊಂಡೇ, ಪಂದ್ಯದ ದಿನ ಸೀಟುಗಳನ್ನೇ ಮುಂದಕ್ಕೆ ತಂದರೆ?

ಗ್ಯಾಲರಿ_ಗಣಿತ:
ತರಬಹುದು, ಆದರೆ ಮೊದಲ ನಕ್ಷೆಯಲ್ಲೇ ಅದು ಇರಬೇಕು. ಪ್ಯಾರಿಸ್ ಹೊರವಲಯದ ಸ್ಟಾಡ್ ದ ಫ್ರಾನ್ಸ್‌ನಲ್ಲಿ ಕೆಳಹಂತದ ಸುಮಾರು 25,000 ಸೀಟು 15 ಮೀಟರ್ ಹಿಂದೆ ಸರಿದರೆ ಟ್ರ್ಯಾಕ್ ತೆರೆದುಕೊಳ್ಳುತ್ತದೆ. ಲಂಡನ್ ಒಲಿಂಪಿಕ್ ಸ್ಟೇಡಿಯಂಗೆ ಆಮೇಲೆ ಸರಿಯುವ ಸೀಟು ಜೋಡಿಸಿದರು. ಕೆಳಹಂತ ಮುಂದೆ ಬಂತು, ಮೇಲ್ಹಂತ ಇದ್ದಲ್ಲೇ ಉಳಿದು ನಡುವೆ ದೊಡ್ಡ ಸಂದು ಬಿತ್ತು. ಆ ಸ್ಟೇಡಿಯಂಗೆ ಟಾಟನ್‌ಹ್ಯಾಮ್ ಕೂಡ ಅರ್ಜಿ ಹಾಕಿತ್ತು. ಟ್ರ್ಯಾಕ್ ತೆಗೆದೇ ತೀರುತ್ತೇವೆ ಅಂದಿದ್ದರು. ಸಿಕ್ಕಿದ್ದು ಟ್ರ್ಯಾಕ್ ಉಳಿಸುತ್ತೇವೆ ಅಂದ ಲಂಡನ್ನಿನ ಇನ್ನೊಂದು ಕ್ಲಬ್ ವೆಸ್ಟ್ ಹ್ಯಾಮ್‌ಗೆ.